ರಾಣಿಯ ಬೆನ್ನಿನ ಇಪ್ಪತ್ತೆರಡು ಗುಂಡಿ

ನಮ್ಮತ್ತೆ ಆ ಸಿನಿಮಾವನ್ನು ನಾಲ್ಕು ಸಲ ನೋಡಿದಳು. ಕಥೆ ಏನು ಎಂದು ಕೇಳಿದರೆ ಇವತ್ತಿಗೂ ಹೇಳಲಾರಳು. ಯಾರು ಯಾರ ಮೇಲೆ ಯಾಕೆ ದಂಡೆತ್ತಿ ಬಂದರು, ಮುದಿ ರಾಜ ಯಾತಕ್ಕೆ ಸತ್ತ, ಕೊನೆಗೆ ರಾಣಿಗೂ ನಾಯಕನಿಗೂ ಮದುವೆ ಆಯಿತೋ ಇಲ್ಲವೋ, ಒಂದೂ ತಿಳಿಯದು. ಆದರೆ ರಾಣಿಯ ತೋಳಿಗೆ ಎಷ್ಟು ನೆರಿಗೆ, ಕತ್ತು ಎಷ್ಟು ಬೆರಳು ಆಳ, ಸೊಂಟದ ಹತ್ತಿರ ಬಟ್ಟೆಯನ್ನು ನೇರ ಕತ್ತರಿಸಿದ್ದಾರೋ ಓರೆ ಕತ್ತರಿಸಿದ್ದಾರೋ, ಇದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ಕಥಾನಾಯಕನ ಬಗ್ಗೆ ಅವಳ ಅಭಿಪ್ರಾಯ ಒಂದೇ ಮಾತಿನದು: “ಅಡ್ಡ ನಿಲ್ತಾನೆ.”

ಆ ಸಿನಿಮಾ ನಾನು ಹುಟ್ಟುವ ಮೊದಲೇ ತೆಗೆದದ್ದು. ಮೂರು ಮುಕ್ಕಾಲು ಗಂಟೆ, ಎರಡು ಇಂಟರ್ವಲ್ಲು, ಲೆಕ್ಕವಿಲ್ಲದಷ್ಟು ಕುದುರೆ. ಹೊಸ ಚಿತ್ರ ಸಿಗದೆ ಇದ್ದಾಗಲೆಲ್ಲ ನಮ್ಮ ಥಿಯೇಟರಿನ ಮಾಲೀಕ ಅದನ್ನೇ ತರಿಸಿ ಹದಿನೈದು ದಿನ ಓಡಿಸುತ್ತಿದ್ದ. ಜನ ಹಳೆಯ ನೆಂಟರನ್ನು ನೋಡಲು ಹೋದ ಹಾಗೆ ಹೋಗುತ್ತಿದ್ದರು, ಅಳುವ ಜಾಗದಲ್ಲಿ ಅತ್ತು ಮನೆಗೆ ಬರುತ್ತಿದ್ದರು. ಅಳದೆ ಬಂದವರನ್ನು ಆ ಬೀದಿಯಲ್ಲಿ ನಾನು ಒಬ್ಬಳನ್ನೇ ನೋಡಿದ್ದೇನೆ. ಅವಳ ವಿಷಯವನ್ನೇ ಹೇಳಲು ಹೊರಟಿದ್ದೇನೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಹೆಂಗಸರ ಬಟ್ಟೆ ಹೊಲಿಯುವವಳು. ಹತ್ತಡಿ ಅಗಲದ ಅಂಗಡಿ, ಎರಡು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಒಂದು ಆಳೆತ್ತರದ ಕನ್ನಡಿ, ಮೂಲೆಯಲ್ಲಿ ಅಳತೆ ಕೊಡುವವರಿಗೆ ಒಂದು ಪರದೆ. ಈ ಕಥೆ ನಡೆಯುವುದಕ್ಕೂ ನಲವತ್ತು ವರ್ಷ ಹಿಂದೆ ಅವಳ ಗಂಡ ಎನ್ನುವ ಪ್ರಾಣಿ, “ಈ ಮಿಷನ್ನಿನ ಸದ್ದಲ್ಲಿ ನಾನು ಬದುಕೋಕೆ ಆಗಲ್ಲ, ಅದಾದ್ರೂ ಇರಬೇಕು, ನಾನಾದ್ರೂ ಇರಬೇಕು” ಎಂದನಂತೆ. ಅತ್ತೆ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಯೋಚಿಸಿದಳು. ಆಮೇಲೆ ಮಿಷನ್ನನ್ನು ತಳ್ಳುಗಾಡಿಯ ಮೇಲೆ ಹೇರಿಸಿಕೊಂಡು ಹೊರಟುಬಂದಳು. ಆ ಮಿಷನ್ನು ಈಗಲೂ ಓಡುತ್ತಿದೆ. ಗಂಡನ ಸುದ್ದಿ ಗೊತ್ತಿಲ್ಲ.

ನನಗಾಗ ಇಪ್ಪತ್ತೆಂಟು. ಆರು ವರ್ಷದಿಂದ ಎರಡನೆಯ ಮಿಷನ್ನು ನನ್ನದು. ಹೊಲಿಯುವುದು, ಅಂಚು ಮಡಿಸುವುದು, ಗುಂಡಿಗೆ ಕಾಜಾ ಹಾಕುವುದು ಎಲ್ಲ ನನಗೆ ಬಿಟ್ಟಿದ್ದಳು. ಕತ್ತರಿ ಮಾತ್ರ ಕೊಟ್ಟಿರಲಿಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ್ದು ತಪ್ಪಿದರೆ ಬಿಚ್ಚಲು ಏನೂ ಇರುವುದಿಲ್ಲ ಎನ್ನುವುದು ಅವಳ ವಾದ. ಕತ್ತರಿ ಹಿಡಿದವಳೇ ಅಂಗಡಿಯ ಯಜಮಾನಿ, ಮಿಕ್ಕವರು ಕೈಯಾಳು. ನನಗೆ ಕೈಯಾಳಾಗಿ ಸಾಕಾಗಿತ್ತು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಎರಡು ವರ್ಷದಿಂದ ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೈಗೆಟುಕುವಷ್ಟು ದೂರ ಪರವಾಗಿಲ್ಲ, ಅದರಾಚೆ ಎಲ್ಲ ಮಸುಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮತ್ತೆ ಊರಿನ ಬಲ್ಬುಗಳಿಗೆಲ್ಲ ಬೈದಳು. ದಿನಾ ಬೆಳಿಗ್ಗೆ ನಾನು ನಲವತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡಬೇಕು. “ಸಮಯ ಉಳಿಯುತ್ತೆ” ಎನ್ನುತ್ತಿದ್ದಳು. ಅವಳಿಗೆ ಕಾಣಿಸುತ್ತಿಲ್ಲ ಎಂದು ನನಗೆ ಗೊತ್ತಿತ್ತು, ನನಗೆ ಗೊತ್ತು ಎಂದು ಅವಳಿಗೂ ಗೊತ್ತಿತ್ತು, ಆದರೆ ಅಂಗಡಿಯೊಳಗೆ ಆ ಮಾತು ಎತ್ತುವ ಹಾಗಿರಲಿಲ್ಲ. ಹೊಲಿಗೆಯವಳಿಗೆ ಕಣ್ಣು ಹೋಗಿದೆ ಎಂಬ ಸುದ್ದಿ ಹೊರಬಿದ್ದ ದಿನ ಗಿರಾಕಿಗಳೂ ಹೋಗುತ್ತಾರೆ. ಒಮ್ಮೆ ಧೈರ್ಯ ಮಾಡಿ ಆಪರೇಷನ್ ಎಂದೆ. “ಕಣ್ಣಿಗೆ ಕತ್ತರಿ ಹಾಕಿಸ್ಕೊಳ್ಳೋದಾ? ಕತ್ತರಿ ಏನು ಮಾಡುತ್ತೆ ಅಂತ ನಿನಗಿಂತ ನನಗೆ ಚೆನ್ನಾಗಿ ಗೊತ್ತು ಕಣೇ” ಎಂದು ಬಾಯಿ ಮುಚ್ಚಿಸಿದಳು.

ಹೀಗಿರುವಾಗ ಅಂಚೆ ಅಕ್ಕ ಬಂದರು. ಅಂಚೆ ಕಚೇರಿಯ ಮೂರನೇ ಕಿಟಕಿಯಲ್ಲಿ ಕೂತು ಪಾರ್ಸೆಲ್ ತೂಗುವವರು. ವಯಸ್ಸು ನಲವತ್ತಾರು. ರಿಜಿಸ್ಟರ್ ಮದುವೆ ಗೊತ್ತಾಗಿತ್ತು. ಗಂಡು ಶಾಲೆಯ ಡ್ರಿಲ್ ಮಾಸ್ಟರು, ಹೆಂಡತಿ ಸತ್ತವರು. ಅವರು ಪರ್ಸಿನಿಂದ ನಾಲ್ಕು ಮಡಿಕೆ ಮಾಡಿದ ಆ ಸಿನಿಮಾದ ಒಂದು ಪೋಸ್ಟರು ತೆಗೆದು ಮೇಜಿನ ಮೇಲೆ ಹರಡಿದರು. ರಾಣಿ ಸಿಂಹಾಸನದ ಮೇಲೆ ಕೂತಿದ್ದಳು. ಮುಂದೆ ಒಂದು ಕುದುರೆ, ಒಂದು ಕತ್ತಿ ಮತ್ತು ಕಥಾನಾಯಕನ ಗಲ್ಲ.

“ಇದೇ ಗೌನು ಬೇಕು ಅಕ್ಕ. ಹೀಗೇ,” ಎಂದರು.

ಅತ್ತೆ ಪೋಸ್ಟರನ್ನು ಮೂಗಿನ ಹತ್ತಿರ ಹಿಡಿದು ತೋಳು, ಕತ್ತು, ಸೊಂಟ ಒಂದೊಂದಾಗಿ ನೋಡಿದಳು. “ಮುಂದುಗಡೆ ಆಯ್ತು. ಬೆನ್ನು ಹೇಗಿದೆ?”

“ಬೆನ್ನೇ ಮುಖ್ಯ. ಸಹಿ ಹಾಕುವಾಗ ನಾನು ಅಧಿಕಾರಿ ಕಡೆ ಮುಖ ಮಾಡಿ ನಿಂತಿರ್ತೀನಿ. ಬಂದವರಿಗೆಲ್ಲ ಕಾಣೋದು ಬೆನ್ನೇ. ಇಪ್ಪತ್ತೈದು ವರ್ಷದಿಂದ ಇವರೆಲ್ಲ ನನ್ನ ಬೆನ್ನ ಹಿಂದೆ ಆಡ್ಕೊಂಡಿದ್ದಾರೆ. ಅವತ್ತು ಒಂದು ದಿನ ಕಣ್ತುಂಬ ನೋಡ್ಲಿ.”

ಅತ್ತೆಗೆ ಆ ಮಾತು ಹಿಡಿಸಿತು. ಒಪ್ಪಿಕೊಂಡಳು. ಅಂಚೆ ಅಕ್ಕ ಹೋದಮೇಲೆ ನನ್ನ ಕಡೆ ತಿರುಗಿ, “ಸಿನಿಮಾ ಈಗ ಓಡ್ತಾ ಇದೆಯಲ್ಲ. ಹೋಗಿ ಬೆನ್ನು ನೋಡ್ಕೊಂಡು ಬರೋಣ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡು. ಇದೊಂದು ಗೌನು ಸರಿಯಾಗಿ ಆದರೆ ಕತ್ತರಿ ನಿನ್ನ ಕೈಗೆ” ಎಂದಳು. ನನ್ನ ಕಿವಿ ನೆಟ್ಟಗಾಯಿತು.

ಹೀಗೆ ನಾವು ಮಧ್ಯಾಹ್ನದ ಆಟಕ್ಕೆ ಹೋದೆವು. ಈಗಿನ ಹಾಗೆ ಬೇಕಾದ ಕಡೆ ನಿಲ್ಲಿಸಿ ನೋಡುವ ಕಾಲವಲ್ಲ ಅದು; ತೆರೆಯ ಮೇಲೆ ಬಂದಾಗ ನೋಡಬೇಕು, ಹೋದರೆ ಹೋಯಿತು. ಕಥೆ ಸಣ್ಣದು. ದೊಡ್ಡ ಚಕ್ರವರ್ತಿಯೊಬ್ಬ ರಾಣಿಯ ಕೋಟೆಗೆ ಮುತ್ತಿಗೆ ಹಾಕಿಸುತ್ತಾನೆ. ಮುತ್ತಿಗೆ ಹಾಕಲು ಬಂದ ದಂಡನಾಯಕ ಕೋಟೆಯ ಬದಲು ರಾಣಿಯನ್ನು ಗೆಲ್ಲುತ್ತಾನೆ. ಏಳು ತಿಂಗಳ ಮುತ್ತಿಗೆ. ಊರಲ್ಲಿ ಜನ ಚಪ್ಪಲಿ ಬೇಯಿಸಿ ತಿನ್ನುತ್ತಿದ್ದಾರೆ, ರಾಣಿಗೆ ಮಾತ್ರ ಸೀನಿಗೊಂದು ಹೊಸ ಬಟ್ಟೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಆದರೆ ಅಂಚೆ ಅಕ್ಕನಿಗೆ ಬೇಕಾದ ಆ ಗೌನು ಬರುವುದು ಕೊನೆಯ ಅರ್ಧ ಗಂಟೆಯಲ್ಲಿ.

ಅಲ್ಲಿಯವರೆಗೆ ಅತ್ತೆ ಸುಮ್ಮನಿದ್ದರೆ ತಾನೆ? ಮುದಿ ರಾಜ, ರಾಣಿಯ ಅಪ್ಪ, ಬಾಣ ತಿಂದು ಹನ್ನೊಂದು ನಿಮಿಷ ಸಾಯುತ್ತಾನೆ. ಇಡೀ ಹಾಲ್ ಉಸಿರು ಬಿಗಿಹಿಡಿದಿತ್ತು. ಅತ್ತೆ ಗಟ್ಟಿಯಾಗಿ ಕೇಳಿದಳು: “ಅವನ ಅಂಗಿ ಹತ್ತಿನಾ ರೇಷ್ಮೆನಾ?”

“ರೇಷ್ಮೆ ಅತ್ತೆ. ಮೆಲ್ಲಗೆ ಮಾತಾಡು.”

“ರೇಷ್ಮೆ ಮೇಲೆ ರಕ್ತದ ಕಲೆ ಹೋಗಲ್ಲ. ಇಷ್ಟು ಹೊತ್ತು ಸಾಯ್ತಾ ಇದ್ದಾನಲ್ಲ, ಅಷ್ಟರಲ್ಲಿ ಬಿಚ್ಚಿ ತಣ್ಣೀರಲ್ಲಿ ನೆನೆ ಹಾಕ್ಬೋದಿತ್ತು.”

ಹಿಂದಿನಿಂದ ನಾಲ್ಕು ಜನ ಶ್ ಎಂದರು. ರಾಜ ಇನ್ನೂ ಸಾಯುತ್ತಲೇ ಇದ್ದ.

ಕೊನೆಗೆ ಆ ಗೌನು ಬಂತು. ಸಿಂಹಾಸನದ ಮೇಲೆ ಕೂತಳು; ಬೆನ್ನಿಗೆ ಸಿಂಹಾಸನ. ಕುದುರೆ ಏರಿದಳು, ಬೆನ್ನಿಗೆ ಮೇಲುಹೊದಿಕೆ. ದಂಡನಾಯಕ ಅಪ್ಪಿಕೊಂಡ, ಅವನ ಎರಡು ಕೈ ಎಂದರೆ ಎರಡು ಬಾಗಿಲಿನಷ್ಟು ಅಗಲ. “ಏನು ಕಾಣ್ತು?” ಎಂದಳು ಅತ್ತೆ. “ಅವನು” ಎಂದೆ. “ದರಿದ್ರದವನು, ಪಕ್ಕಕ್ಕೆ ಸರಿಯೋಕೆ ಏನು ಬೇನೆ” ಎಂದಳು.

ಬೆನ್ನು ಕಾಣುವುದು ಒಂದೇ ಒಂದು ಕಡೆ. ರಾಣಿ ತಾನಾಗಿ ಬಂದು ಶರಣಾಗದಿದ್ದರೆ ಊರನ್ನೇ ಸುಡುವುದಾಗಿ ಚಕ್ರವರ್ತಿ ಹೇಳಿಕಳಿಸುತ್ತಾನೆ. ಅವಳು ಹೆಬ್ಬಾಗಿಲ ಹತ್ತಿರ ನಿಂತು ಮೇಲುಹೊದಿಕೆ ಕಳಚುತ್ತಾಳೆ, ಕಿರೀಟ ತೆಗೆದು ನೆಲದ ಮೇಲೆ ಇಡುತ್ತಾಳೆ, ಬಾಗಿಲು ತೆಗೆಸಿ ಒಬ್ಬಳೇ ಹೊಗೆಯೊಳಗೆ ನಡೆದು ಹೋಗುತ್ತಾಳೆ. ಕ್ಯಾಮೆರಾ ಹಿಂದೆಯೇ ಉಳಿಯುತ್ತದೆ. ಒಂದರಿಂದ ಎಂಟು ಎಣಿಸುವಷ್ಟು ಹೊತ್ತು ತೆರೆಯ ತುಂಬ ಅವಳ ಬೆನ್ನು. ಆಚೆ ಗುಡ್ಡದ ಮೇಲೆ ದಂಡನಾಯಕ ಅದನ್ನು ನೋಡುತ್ತಾ ನಿಂತಿರುತ್ತಾನೆ, ಏನೂ ಮಾಡಲಾಗದೆ.

ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಬೆನ್ನೂ ಕಾಣಲಿಲ್ಲ, ಗುಡ್ಡವೂ ಕಾಣಲಿಲ್ಲ.

“ಅಳೋಕೆ ಏನಿದೆ ಅಲ್ಲಿ?” ಎಂದಳು ಅತ್ತೆ ದಾರಿಯಲ್ಲಿ. “ಒಬ್ಬಳು ಬಾಗಿಲು ತೆಗೆದು ಆಚೆ ಹೋದಳು. ನಾನೂ ಹೋಗಿದ್ದೆ. ಜೊತೆಗೆ ಮಿಷನ್ ಬೇರೆ ಇತ್ತು.”

ಎರಡನೆಯ ಸಲ ಹೋಗುವಾಗ ಮನಸ್ಸು ಕಲ್ಲು ಮಾಡಿಕೊಂಡೆ. ಮುಖ ನೋಡಬಾರದು, ಬಟ್ಟೆ ಮಾತ್ರ ನೋಡಬೇಕು ಎಂದುಕೊಂಡೆ. ಕಿರೀಟ ನೆಲಕ್ಕೆ ತಾಗಿ ಟಣ್ ಎಂದಿತು ನೋಡಿ, ಆ ಕಲ್ಲು ಅಲ್ಲೇ ಕರಗಿತು. ಮೂರನೆಯ ಸಲ ಅತ್ತೆ ತಾನೇ ಅಂಚು ಹೊಲಿದ ಒಂದು ಕರವಸ್ತ್ರ ಕೊಟ್ಟು, “ಅಳು, ಬೇಡ ಅನ್ನಲ್ಲ. ಒರೆಸ್ಕೊಂಡು ನೋಡು” ಎಂದಳು. ಒರೆಸಿಕೊಂಡೆ. ಕಣ್ಣು ಒರೆಸಿಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತದೆ ಗೊತ್ತೆ? ಒಂದರಿಂದ ಎಂಟು ಎಣಿಸುವಷ್ಟು.

ಮರುದಿನ ಶುಕ್ರವಾರ. ಸಿನಿಮಾ ಎತ್ತಿ ಬೇರೆ ಹಾಕುತ್ತಿದ್ದರು. ಮನೆಗೆ ನಡೆದು ಬರುವಾಗ ಅತ್ತೆ ಕೇಳಿದಳು: “ಈಗಲಾದ್ರೂ ಕಾಣ್ತಾ?”

ಇಲ್ಲ ಎನ್ನಬೇಕಿತ್ತು. ಮೂರು ಸಲ ಕರೆದುಕೊಂಡು ಹೋಗಿ ಮೂರು ಸಲವೂ ಅತ್ತ ಇಪ್ಪತ್ತೆಂಟು ವರ್ಷದ ಕತ್ತೆ ನಾನು. ಇಲ್ಲ ಎಂದರೆ ಕತ್ತರಿ ಇನ್ನು ಹತ್ತು ವರ್ಷ ಕೈಗೆ ಬರುವುದಿಲ್ಲ. ಸುಳ್ಳು ಹೇಳಿದರೆ ನಿಜದ ತಲೆ ಮೇಲೆ ಹೊಡೆದ ಹಾಗಿರಬೇಕು ಎನ್ನುತ್ತಾರೆ. ಹಾಗೇ ಹೇಳಿದೆ.

“ಗುಂಡಿ ಅತ್ತೆ. ಅದೇ ಬಟ್ಟೆ ಸುತ್ತಿದ ಗುಂಡಿ. ಕತ್ತಿಂದ ಸೊಂಟದವರೆಗೆ ಸಾಲಾಗಿ.”

“ಎಷ್ಟು?”

“ಇಪ್ಪತ್ತೆರಡು.”

ಅತ್ತೆ ಮೆಚ್ಚಿಕೊಂಡಳು. “ಎಣಿಸಿದೆಯಲ್ಲ, ಅದು ಸರಿ,” ಎಂದಳು.

ಆಮೇಲಿನ ಮೂರು ವಾರ ನನಗೆ ಅನ್ನ ಸರಿಯಾಗಿ ಇಳಿಯಲಿಲ್ಲ. ಯಾಕೆಂದರೆ ಆ ಇಪ್ಪತ್ತೆರಡು ಗುಂಡಿಗಳನ್ನು ಅತ್ತೆ ನನ್ನ ಕೈಗೆ ಕೊಡಲಿಲ್ಲ, ತಾನೇ ಮಾಡಿದಳು. ಒಂದೊಂದಕ್ಕೂ ಬಟ್ಟೆಯನ್ನು ದುಂಡಗೆ ಕತ್ತರಿಸಿ, ಸುತ್ತ ದಾರ ಓಡಿಸಿ, ಅಚ್ಚಿನ ಮೇಲೆ ಎಳೆದು ಬಿಗಿದು ಕಟ್ಟಬೇಕು. ಇಷ್ಟು ಸಣ್ಣ ಕೆಲಸಕ್ಕೆ ಕಣ್ಣು ಕೈಕೊಟ್ಟಿತ್ತು, ಆದ್ದರಿಂದ ಬೆರಳ ತುದಿಯಿಂದ ಮಾಡುತ್ತಿದ್ದಳು. ಸೂಜಿ ಎಷ್ಟು ಸಲ ಬೆರಳಿಗೆ ಚುಚ್ಚಿತೋ, ಬಿಳಿ ಬಟ್ಟೆಗೆ ರಕ್ತ ತಾಗದ ಹಾಗೆ ಥಟ್ಟನೆ ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು. ಗುಂಡಿ ಸಿಕ್ಕಿಸಲು ಇಪ್ಪತ್ತೆರಡು ಸಣ್ಣ ಕುಣಿಕೆಗಳನ್ನೂ ಹೊಲಿದಳು. ಎಲ್ಲ ಮುಗಿದಮೇಲೆ ಬೆನ್ನಿನ ಉದ್ದಕ್ಕೂ ಬೆರಳಾಡಿಸಿ ಒಂದು, ಎರಡು ಎಂದು ಎಣಿಸಿದಳು. ಅವಳ ಮುಖದಲ್ಲಿ ಅಷ್ಟು ತೃಪ್ತಿಯನ್ನು ನಾನು ಹಿಂದೆ ಕಂಡಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಗೌನು ಹಾಕಿ ನೋಡಲು ಅಂಚೆ ಅಕ್ಕ ಬಂದರು. ಪರದೆಯ ಹಿಂದಿನಿಂದ ಹೊರಬಂದು ದೊಡ್ಡ ಕನ್ನಡಿಗೆ ಬೆನ್ನು ಮಾಡಿ, ಕೈಯಲ್ಲಿ ಸಣ್ಣ ಕನ್ನಡಿ ಹಿಡಿದು ನೋಡಿಕೊಂಡರು.

“ಗುಂಡಿನಾ?” ಎಂದರು.

ಅತ್ತೆ, “ನೀನು ಆ ಸಿನಿಮಾನ ಮೂವತ್ತೊಂದು ಸಲ ನೋಡಿದವಳು. ಗುಂಡಿ ಅಲ್ಲದೆ ಇದ್ರೆ ಏನು ಅಂತ ನೀನೇ ಹೇಳು” ಎಂದಳು.

ಅಂಚೆ ಅಕ್ಕ ನೆಲ ನೋಡಿದರು. “ನಿಜ ಹೇಳ್ಬೇಕು ಅಂದ್ರೆ ಅಕ್ಕ, ಕಿರೀಟ ಕೆಳಗಿಟ್ಟಮೇಲೆ ನನಗೇನೂ ಕಾಣಲ್ಲ. ಮೂವತ್ತೊಂದು ಸಲಾನೂ.”

ಅಷ್ಟಕ್ಕೇ ನಿಂತಿದ್ದರೆ ನಾನು ಬದುಕುತ್ತಿದ್ದೆ. ಆದರೆ ಎದುರಂಗಡಿಯ ಪ್ಯಾಂಟ್ ಮಾಸ್ಟರು ಮಿಷನ್ನಿಗೆ ಎಣ್ಣೆ ಬೇಕೆಂದು ಬಂದು ಬಾಗಿಲಲ್ಲೇ ನಿಂತಿದ್ದ. ಗಂಡಸರ ಪ್ಯಾಂಟು ಹೊಲಿಯುವವನು. ಇಪ್ಪತ್ತು ವರ್ಷದಿಂದ ಅತ್ತೆಯ ಜೊತೆ ದಿನಕ್ಕೊಂದು ಜಗಳ ಆಡದಿದ್ದರೆ ಅವನಿಗೆ ಊಟ ಅರಗುತ್ತಿರಲಿಲ್ಲ.

“ಗುಂಡಿ ಅಲ್ಲ ಅಕ್ಕ. ಹುಕ್ಕು. ಒಳಗೆ ಹುಕ್ಕು, ಮೇಲೆ ಪಟ್ಟಿ. ನಾನು ಚೆನ್ನಾಗಿ ನೋಡಿದೀನಿ.”

“ನನ್ನ ಹುಡುಗಿ ಎಣಿಸಿಕೊಂಡು ಬಂದಿದಾಳೆ.”

“ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಅಂತಾರೆ.”

“ಅವಳು ಕಂಡರೆ ನಾನು ಕಂಡ ಹಾಗೆ,” ಎಂದಳು ಅತ್ತೆ, ಬೀದಿಗೆ ಕೇಳುವ ಹಾಗೆ. “ಗುಂಡಿ ಅಲ್ಲ ಅಂತಾದ್ರೆ ನಾನು ಇನ್ನು ಮಿಷನ್ ಮುಟ್ಟಲ್ಲ.”

ಅಲ್ಲಿಗೆ ಬೀದಿಗೆ ಒಂದು ಕೆಲಸ ಸಿಕ್ಕಿತು. ಸಂಜೆಯೊಳಗೆ ಎಲ್ಲರಿಗೂ ರಾಣಿಯ ಬೆನ್ನು ನೆನಪಾಗಿತ್ತು, ಒಬ್ಬೊಬ್ಬರಿಗೆ ಒಂದೊಂದು ಬೆನ್ನು. ಕ್ಷೌರದಂಗಡಿಯವನು ದಾರ ಹೆಣೆದು ಕಟ್ಟಿದ್ದು ಎಂದ. ಸೂಲಗಿತ್ತಿ, ಬೆನ್ನಿಗೆ ಬಟ್ಟೆಯೇ ಇಲ್ಲ, ಸೊಂಟದವರೆಗೂ ಬರಿ ಮೈ ಎಂದಳು. ಅವಳ ಗಂಡ ಹೌದು ಹೌದು ಎಂದು ಅತಿ ಉತ್ಸಾಹ ತೋರಿಸಿ ಮನೆಯಲ್ಲಿ ಬೈಸಿಕೊಂಡ. ಥಿಯೇಟರಿನಲ್ಲಿ ಟಿಕೆಟ್ ಹರಿಯುವವನನ್ನು ಕೇಳಿದರೆ, “ನಾನು ಜನರನ್ನ ನೋಡ್ತೀನಿ, ತೆರೆ ನೋಡೋಕೆ ನನಗೆ ಯಾರು ಸಂಬಳ ಕೊಡ್ತಾರೆ” ಎಂದ. ಸಿನಿಮಾ ಓಡಿಸುವವನು ಆ ಹೊತ್ತಿಗೆ ಸರಿಯಾಗಿ ಒಂದು ಯಂತ್ರದಿಂದ ಇನ್ನೊಂದಕ್ಕೆ ರೀಲು ಬದಲಿಸಬೇಕು. ಅವನ ಕಣ್ಣು, ಬದಲಿಸುವ ಗುರುತಿಗೆಂದು ತೆರೆಯ ಮೂಲೆಯಲ್ಲಿ ಬರುವ ಚುಕ್ಕೆಯ ಮೇಲೆ. ರೀಲನ್ನೇ ಮತ್ತೆ ತರಿಸಿ ಬೆಳಕಿಗೆ ಹಿಡಿದು ನೋಡೋಣ ಎಂದವರಿಗೆ ಮಾಲೀಕ, ಸಾವಿರ ಜನ ಅಳುವ ರೀಲಿಗೆ ಕಂಡಕಂಡವರ ಬೆರಳು ತಾಗಬಾರದು ಎಂದುಬಿಟ್ಟ. ಆಮೇಲೆ ಥಿಯೇಟರಿನ ಮುಂದೆ ಬೋರ್ಡು ಬಿತ್ತು: ಭಾನುವಾರ ಬೆಳಿಗ್ಗೆ ಹತ್ತಕ್ಕೆ ಒಂದೇ ಒಂದು ವಿಶೇಷ ಆಟ. ಮಾಲೀಕ ಮೂರ್ಖನೇನಲ್ಲ.

ಭಾನುವಾರ ಹಾಲ್ ತುಂಬಿತ್ತು. ಅಂತಹ ಆಟವನ್ನು ನಾನು ಹಿಂದೆಯೂ ನೋಡಿಲ್ಲ, ಮುಂದೆಯೂ ನೋಡಲಿಲ್ಲ. ಯಾರಿಗೂ ಕಥೆ ಬೇಕಿರಲಿಲ್ಲ. ಯುದ್ಧ ನಡೆಯಿತು, ಜನ ಕಡಲೆಕಾಯಿ ಸುಲಿದರು. ಮುದಿ ರಾಜ ಹನ್ನೊಂದು ನಿಮಿಷ ಸತ್ತ, ಜನ ಬೇಗ ಎಂದರು. ದಂಡನಾಯಕ ರಾಣಿಯನ್ನು ಅಪ್ಪಿಕೊಂಡಾಗ ಇಡೀ ಬಾಲ್ಕನಿ ಒಂದೇ ಬಾಯಲ್ಲಿ “ಪಕ್ಕಕ್ಕೆ ಸರಿಯಪ್ಪಾ” ಎಂದಿತು. ಮೊದಲ ಸಲ ಅತ್ತೆಯ ಅಭಿಪ್ರಾಯಕ್ಕೆ ಊರು ಒಪ್ಪಿತ್ತು.

ಅತ್ತೆ ನನ್ನ ಪಕ್ಕ ನೆಟ್ಟಗೆ ಕೂತಿದ್ದಳು, ಅವಳ ಆಚೆ ಅಂಚೆ ಅಕ್ಕ, ನಮ್ಮ ಹಿಂದಿನ ಸಾಲಲ್ಲಿ ಪ್ಯಾಂಟ್ ಮಾಸ್ಟರು. ನನಗೆ ಈ ಸಲ ಅಳು ಬರುವ ಪ್ರಶ್ನೆಯೇ ಇರಲಿಲ್ಲ. ಭಯಕ್ಕೆ ಕಣ್ಣು ಒಣಗಿ ಹೋಗಿತ್ತು. ಇನ್ನು ಹತ್ತು ನಿಮಿಷದಲ್ಲಿ ಅತ್ತೆಯ ನಲವತ್ತು ವರ್ಷದ ಹೆಸರು ನನ್ನ ಒಂದು ಸುಳ್ಳಿನಿಂದ ಮಣ್ಣುಪಾಲಾಗಲಿತ್ತು. ಆಡಿದ ಮಾತಿಗೆ ತಪ್ಪುವವಳಲ್ಲ ಅವಳು. ಮಿಷನ್ ಮುಟ್ಟಲ್ಲ ಎಂದರೆ ಮುಟ್ಟುವುದಿಲ್ಲ.

ರಾಣಿ ಹೆಬ್ಬಾಗಿಲಿಗೆ ಬಂದಳು. ಮೇಲುಹೊದಿಕೆ ಕಳಚಿದಳು. ಕಡಲೆಕಾಯಿ ಸದ್ದು ನಿಂತಿತು. ಕಿರೀಟ ತೆಗೆದು ನೆಲದ ಮೇಲೆ ಇಟ್ಟಳು. ಜನ ಹಲ್ಲು ಕಚ್ಚಿ, ಕಣ್ಣು ಅಗಲಿಸಿ, ಮುಂದಿನ ಸೀಟು ಹಿಡಿದು ಬಗ್ಗಿದರು. ಬಾಗಿಲು ತೆರೆಯಿತು. ರಾಣಿ ತಿರುಗಿದಳು.

ಕೂದಲು.

ಕಿರೀಟ ತೆಗೆದರೆ ಕೂದಲು ಬಿಚ್ಚಿ ಬೀಳುತ್ತದೆ. ಅವಳಿಗೆ ಸೊಂಟದ ಕೆಳಗಿನವರೆಗೂ ಕೂದಲು. ಕತ್ತಿಂದ ಸೊಂಟದವರೆಗೆ ಕಪ್ಪಗೆ, ದಟ್ಟಗೆ, ಒಂದು ಬೆರಳಿನ ಅಗಲದಷ್ಟು ಬಟ್ಟೆಯೂ ಕಾಣದ ಹಾಗೆ. ಗುಂಡಿಯೂ ಇಲ್ಲ, ಹುಕ್ಕೂ ಇಲ್ಲ, ದಾರವೂ ಇಲ್ಲ, ಬರಿ ಮೈಯೂ ಇಲ್ಲ. ಇಡೀ ಊರಿಗೆ ಅದು ಹೊಳೆದಿರಲಿಲ್ಲ, ಕ್ಷೌರದಂಗಡಿಯವನಿಗೂ ಹೊಳೆದಿರಲಿಲ್ಲ. ನಾನು ಮನಸ್ಸಿನಲ್ಲೇ ಎಂಟು ಎಣಿಸಿದೆ. ಹೊಗೆ ಮುಚ್ಚಿತು.

ಎಲ್ಲರೂ ಬಗ್ಗಿದ ಹಾಗೇ ಉಳಿದರು. ಅತ್ತೆ ನನ್ನ ಕಡೆ ವಾಲಿ ಕೇಳಿದಳು. ಮೆಲ್ಲಗೆ ಕೇಳಿದೆ ಎಂದುಕೊಂಡಿರಬೇಕು. ಮೆಲ್ಲಗೆ ಮಾತಾಡುವುದು ಅವಳಿಗೆ ಯಾವತ್ತು ಬಂದಿತ್ತು?

“ಗುಂಡಿನೇ ತಾನೇ?”

ಎಲ್ಲರಿಗೂ ಕೇಳಿಸಿತು. ಇಪ್ಪತ್ತಡಿ ಎತ್ತರದ ಬೆನ್ನು ತೆರೆಯ ಮೇಲೆ ಬಂದು ಹೋಗಿದೆ, ಹೊಲಿಗೆಯವಳು ಪಕ್ಕದವಳನ್ನು ಕೇಳುತ್ತಿದ್ದಾಳೆ. ಎರಡು ವರ್ಷ ನಾವಿಬ್ಬರೂ ಸೂಜಿ ದಾರದಲ್ಲಿ ಮುಚ್ಚಿಟ್ಟಿದ್ದು ಒಂದೇ ಮಾತಿಗೆ ಬಿಚ್ಚಿಕೊಂಡಿತು. ತಲೆಗಳು ಒಂದೊಂದಾಗಿ ನಮ್ಮ ಕಡೆ ತಿರುಗಿದವು.

ಹಿಂದಿನ ಸಾಲಿನಿಂದ ಪ್ಯಾಂಟ್ ಮಾಸ್ಟರು ಗಂಟಲು ಸರಿ ಮಾಡಿಕೊಂಡ. “ಗುಂಡಿನೇ ಅಕ್ಕ,” ಎಂದ. “ನಾನು ಸೋತೆ.”

“ಹೌದು, ಗುಂಡಿನೇ,” ಎಂದಳು ಎಲ್ಲೋ ಮೂಲೆಯಿಂದ ಸೂಲಗಿತ್ತಿ. ಇನ್ನೂ ಇಬ್ಬರು ಮೂವರು ದನಿಗೂಡಿಸಿದರು.

ನಾನು ಪಾರಾಗಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನನ್ನ ಸುಳ್ಳಿಗೆ ಇಡೀ ಊರು ಸಾಕ್ಷಿ ನಿಂತಿತ್ತು. ಅತ್ತೆಯ ಮುಖ ನೋಡಿದೆ. ಗೆದ್ದವಳ ಮುಖವಾಗಿರಲಿಲ್ಲ ಅದು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಸೋಲೊಪ್ಪದ ಪ್ಯಾಂಟ್ ಮಾಸ್ಟರು ಇಷ್ಟು ಬೇಗ ಯಾಕೆ ಸೋತ ಎಂದು ಅವಳಿಗೆ ಅನುಮಾನ ಬಂದಿತ್ತು. ಜನ ತನ್ನನ್ನು ಕಂಡು ಅಯ್ಯೋ ಪಾಪ ಎನ್ನುವುದು ಅವಳಿಗೆ ಸಾವಿಗಿಂತ ಕಡೆ. ನನಗೆ ತಡೆಯಲಾಗಲಿಲ್ಲ.

“ಗುಂಡಿ ಇಲ್ಲ ಅತ್ತೆ,” ಎಂದೆ. “ಏನೂ ಇಲ್ಲ. ಪೂರ್ತಿ ಕೂದಲು ಮುಚ್ಚಿದೆ. ಬೆನ್ನು ಕಾಣೋದೇ ಇಲ್ಲ. ಮೂರು ಸಲಾನೂ ನಾನು ಅಳ್ತಾ ಕೂತಿದ್ದೆ, ನೋಡೇ ಇರಲಿಲ್ಲ. ಇಪ್ಪತ್ತೆರಡು ಅಂತ ಸುಮ್ಮನೆ ಹೇಳಿದೆ.”

ತೆರೆಯ ಮೇಲೆ ದಂಡನಾಯಕ ಗುಡ್ಡದ ಮೇಲೆ ಮಂಡಿಯೂರಿ ಗೋಳಾಡುತ್ತಿದ್ದ. ಅವನನ್ನು ಕೇಳುವವರೇ ಇರಲಿಲ್ಲ. ಅತ್ತೆ ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು, ಸೂಜಿ ಚುಚ್ಚಿ ಗಂಟುಗಟ್ಟಿದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡಳು.

“ಇಷ್ಟು ದುಡ್ಡು ಸುರಿದು ಸಿನಿಮಾ ತೆಗೆದವರು ಅವಳಿಗೆ ಬೆನ್ನೇ ಹೊಲಿಸಿಲ್ಲ ಅಂತಾಯ್ತು,” ಎಂದಳು. “ಗುಂಡಿ ಅಲ್ಲ ಅನ್ನೋಕೂ ಯಾರಿಗೂ ಆಗಲ್ಲ. ಹಾಗಾದ್ರೆ ಆ ಬೆನ್ನು ಹೊಲಿದವಳು ನಾನೊಬ್ಬಳೇ.”

ಅಂಚೆ ಅಕ್ಕ ಅವಳ ಕೈ ಹಿಡಿದುಕೊಂಡರು. “ನನಗೆ ಅದೇ ಬೇಕು ಅಕ್ಕ. ಒಂದು ಗುಂಡಿನೂ ತೆಗೀಬೇಡಿ.”

ಮದುವೆಯ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. ಮುಂದಿನ ಗುರುವಾರ ಆಯಿತು. ಅಂಚೆ ಅಕ್ಕ ಕೂದಲನ್ನು ಎತ್ತಿ ಬಿಗಿಯಾಗಿ ಗಂಟು ಹಾಕಿಕೊಂಡು, ಸಹಿ ಹಾಕುವ ಮೇಜಿನ ಮುಂದೆ ಬೇಕೆಂದೇ ನಿಧಾನವಾಗಿ ನಿಂತರು, ನಿಧಾನವಾಗಿ ಸಹಿ ಹಾಕಿದರು. ಡ್ರಿಲ್ ಮಾಸ್ಟರು ಅಟೆನ್ಷನ್‌ನಲ್ಲಿ ಕಾದಿದ್ದರು. ಹಿಂದೆ ಕೂತವರು ಗುಂಡಿ ಎಣಿಸುತ್ತಿದ್ದರು. ಪ್ಯಾಂಟ್ ಮಾಸ್ಟರು ಎರಡು ಸಲ ಎಣಿಸಿ, ಎರಡನೆಯ ಸಲ ಒಂದು ಹೆಚ್ಚು ಬಂತೆಂದು ಮತ್ತೆ ಶುರು ಮಾಡಿದ.

ಆದರೆ ನನ್ನ ಲೆಕ್ಕ ಚುಕ್ತಾ ಆಗಿದ್ದು ಗುರುವಾರ ಅಲ್ಲ, ಆ ಭಾನುವಾರವೇ. ಆಟ ಬಿಟ್ಟಿತು. ಜನ ನಮ್ಮನ್ನು ಮುಂದೆ ಬಿಟ್ಟು ಹಿಂದೆ ಸರಿದು ನಿಂತರು. ಅತ್ತೆ ಬೈದಿದ್ದರೆ ಹಗುರವಾಗುತ್ತಿತ್ತು, ಬೈಯಲಿಲ್ಲ. ಹೊರಬಾಗಿಲಿಗೆ ಬಂದಾಗ ಮಧ್ಯಾಹ್ನದ ಬಿಸಿಲು ಮುಖಕ್ಕೆ ಹೊಡೆಯಿತು, ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಕತ್ತಲಿಂದ ಬೆಳಕಿಗೆ ಬಂದು ಅವಳಿಗೆ ಪೂರ್ತಿ ಬೆಳ್ಳಗಾಗಿತ್ತು. ಇಷ್ಟು ವರ್ಷದಲ್ಲಿ ಯಾರ ಆಸರೆಯನ್ನೂ ಕೇಳದವಳು, ಊರೆಲ್ಲ ನೋಡುತ್ತಿರುವಾಗ, ತಡಕಾಡಿ ನನ್ನ ರಟ್ಟೆ ಹಿಡಿದಳು.

“ಇಲ್ಲಿ ಎಷ್ಟು ಮೆಟ್ಟಿಲಿದೆ?”

“ಒಂಬತ್ತು,” ಎಂದೆ.

“ನೋಡಿ ಹೇಳು.”

ನೋಡಿದೆ. ಹನ್ನೊಂದಿದ್ದವು.